ಅರ್ಧಕ್ಕೆ ನಿಂತ ಭಾಷಣ, ಪೂರ್ತಿ ತೊಳೆದ ಮಡಕೆ

ಸುಳ್ಯದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುತ್ತಲೇ ನನ್ನ ತಲೆಕೂದಲು ಬೆಳ್ಳಗಾಯಿತು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಪೈಪಿಗೆ, ಹಲ್ಲಿಗೆ, ನಮ್ಮ ಕರುಳಿನ ಗೋಡೆಗೆ ಹೇಗೆ ಅಂಟಿಕೊಳ್ಳುತ್ತದೆ ಎನ್ನುವುದು ನನಗೆ ಬಹಳ ಇಷ್ಟದ ಪಾಠ. ಒಮ್ಮೆ ಅಂಟಿದರೆ ಸುತ್ತ ಲೋಳೆ ಕಟ್ಟಿಕೊಂಡು ಸಂಸಾರ ಹೂಡುತ್ತದೆ, ಆಮೇಲೆ ಎಬ್ಬಿಸುವುದು ಕಷ್ಟ. ಆದರೆ ಇದನ್ನು ಯಾರಿಗೆ ಹೇಳಿದರೂ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ, ಹೇಳದೆ ಸುಮ್ಮನಿರುವ ಸ್ವಭಾವವೂ ನನ್ನದಲ್ಲ. ನಕ್ಕು ಮರೆತವು ಹಲವು. ನಕ್ಕರೂ ಮರೆಯಲಾಗದ್ದು ಒಂದಿದೆ.

ಫುಟ್‌ಬೋರ್ಡು

ಮೂತ್ರಕೋಶಕ್ಕೆ ಸೋಂಕು ತರುವ ಬ್ಯಾಕ್ಟೀರಿಯಾದ ಮೈತುಂಬ ಅತಿ ಸಣ್ಣ ಎಳೆಗಳಿರುತ್ತವೆ. ಎಳೆಯ ತುದಿ ನಮ್ಮ ಜೀವಕೋಶದ ಮೇಲಿರುವ ಒಂದು ಬಗೆಯ ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ. ವಿಚಿತ್ರವೆಂದರೆ, ಮೂತ್ರ ರಭಸವಾಗಿ ಹರಿದಾಗ ಆ ಹಿಡಿತ ಸಡಿಲವಾಗುವ ಬದಲು ಬಿಗಿಯಾಗುತ್ತದೆ. ಮಕ್ಕಳಿಗೆ ಅರ್ಥವಾಗಲಿ ಎಂದು ಪುತ್ತೂರು–ಸುಳ್ಯ ಬಸ್ಸಿನ ಉದಾಹರಣೆ ಕೊಟ್ಟೆ. ಫುಟ್‌ಬೋರ್ಡಿನಲ್ಲಿ ನಿಂತವನು ಬಸ್ಸು ನಿಧಾನಕ್ಕೆ ಹೋಗುವಾಗ ಕಂಬಿಯನ್ನು ಸುಮ್ಮನೆ ಮುಟ್ಟಿಕೊಂಡಿರುತ್ತಾನೆ, ತಿರುವಿನಲ್ಲಿ ಎಳೆದರೂ ಬಿಡುವುದಿಲ್ಲ. ತರಗತಿಯೆಲ್ಲ ತಲೆಯಾಡಿಸಿತು.

ಪರೀಕ್ಷೆಯಲ್ಲಿ ಒಬ್ಬಳು ಪುಟ ತುಂಬ ಬರೆದಿದ್ದಳು. ಬಸ್ಸಿತ್ತು, ತಿರುವಿತ್ತು, ಕಂಬಿಯಿತ್ತು. ನಾನು ಹೇಳಿಯೇ ಇರದ ಕಂಡಕ್ಟರ್ ಕೂಡ ಇದ್ದ. ಕರೆದು ಕೇಳಿದೆ, "ಇದರಲ್ಲಿ ಬ್ಯಾಕ್ಟೀರಿಯಾ ಎಲ್ಲುಂಟು ಮಾರಾಯ್ತಿ?"

ಅವಳು ಉತ್ತರಪತ್ರಿಕೆಯನ್ನು ಒಮ್ಮೆ ನೋಡಿ, "ಬಸ್ಸು ರಶ್ ಇತ್ತು ಮೇಡಂ, ಅದಕ್ಕೆ ಹತ್ಲಿಕ್ಕೆ ಆಗ್ಲಿಲ್ಲ ಕಾಣ್ತದೆ," ಎಂದಳು.

ಪಾಲು

ನಮ್ಮ ಪಕ್ಕದ ಮನೆಯ ಅಕ್ಕನಿಗೆ ಅದೇ ಮೂತ್ರದ ಉರಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ಉರಿ ಕಡಿಮೆಯಾದ ಕೂಡಲೇ ನಿಲ್ಲಿಸಿಬಿಟ್ಟರು. ಬೇಲಿಯ ಬಳಿ ನಿಲ್ಲಿಸಿ ಹೇಳಿದೆ: ತೇಲಾಡುವ ಬ್ಯಾಕ್ಟೀರಿಯಾ ಮೊದಲು ಸಾಯುತ್ತದೆ, ಗೋಡೆಗೆ ಕಚ್ಚಿಕೊಂಡದ್ದು ಉಳಿದುಕೊಳ್ಳುತ್ತದೆ, ಮಾತ್ರೆ ಪೂರ್ತಿ ಮುಗಿಸಬೇಕು. ಅವರಿಗೆ ವಿಷಯ ಮನಸ್ಸಿಗೆ ಹೋಯಿತು. ಮುಗಿಸಲೇಬೇಕಲ್ಲ ಎಂದು, ಉಳಿದ ಮಾತ್ರೆಗಳನ್ನು ನೆಟ್ಟಣದಲ್ಲಿ ಅದೇ ತೊಂದರೆಯಲ್ಲಿದ್ದ ತಂಗಿಗೆ ಕಳಿಸಿಕೊಟ್ಟರು. ತಂಗಿ ಮುಗಿಸಿದಳು.

ಸ್ವಲ್ಪ ದಿನದಲ್ಲಿ ಅಕ್ಕ ತಂಗಿ ಇಬ್ಬರೂ ಕ್ಲಿನಿಕ್ಕಿನ ಒಂದೇ ಬೆಂಚಿನಲ್ಲಿ ಕೂತಿದ್ದರು. ನಾನು ಬೈಯುವ ಮೊದಲೇ ಅಕ್ಕ ಅಂದರು, "ಈ ಸಲ ಬೇರೆ ಬೇರೆ ಬರೆದುಕೊಡ್ಲಿಕ್ಕೆ ಹೇಳಿ ಟೀಚರೆ. ಪಾಲು ಮಾಡುವಾಗ ಇವಳಿಗೆ ಹೆಚ್ಚು ಹೋಗಿದೆ."

ಎಲೆ ಹಾಕಿದ ಮೇಲೆ

ಕಡಬದ ಕಡೆಯ ಒಂದು ಹಾಲಿನ ಸೊಸೈಟಿಯವರು ವರ್ಷದ ಸಭೆಗೆ ಕರೆದರು. ಹಾಲಿನ ಕ್ಯಾನ್ ತೊಳೆಯುವ ಬಗ್ಗೆ ಎರಡು ಮಾತು ಹೇಳಬೇಕಿತ್ತು. ನಮ್ಮ ಮನೆಯವರೇ ಕಾರಿನಲ್ಲಿ ಕರೆದುಕೊಂಡು ಹೋದರು. ಅವರಿಗೆ ಪುತ್ತೂರಿನಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ. ಮದುವೆಯಾದಂದಿನಿಂದ ನನ್ನ ಪಾಠ ಕೇಳಿದವರಲ್ಲ. ಅಂದು ಬೇರೆ ದಾರಿಯಿಲ್ಲದೆ ಹಿಂದಿನ ಸಾಲಿನಲ್ಲಿ ಕೂತರು.

ಭಾಷಣವನ್ನು ಎರಡು ಭಾಗ ಮಾಡಿಕೊಂಡಿದ್ದೆ. ಮೊದಲರ್ಧದಲ್ಲಿ ಹೆದರಿಕೆ: ಬರೀ ನೀರು ಕುಲುಕಿಸಿದರೆ ಸಾಲದು, ಕ್ಯಾನಿನ ಕುತ್ತಿಗೆಯಲ್ಲಿ ಲೋಳೆ ಕೂತಿರುತ್ತದೆ, ಬ್ರಶ್ ಹಾಕಿ ಉಜ್ಜಿ, ಬ್ಲೀಚಿಂಗ್ ನೀರು ಹಾಕಿ. ಎರಡನೆಯ ಅರ್ಧದಲ್ಲಿ ಸಮಾಧಾನ: ಹೀಗೆ ಅಂಟಿಕೊಳ್ಳುವವುಗಳಲ್ಲಿ ನಮ್ಮನ್ನು ಕಾಪಾಡುವವೂ ಇವೆ. ಅದಕ್ಕೆ ಉದಾಹರಣೆಯಾಗಿ ನಮ್ಮ ಅತ್ತೆಯ ಮೊಸರಿನ ಮಡಕೆಯನ್ನು ಕೊನೆಗೆಂದು ಜೋಪಾನವಾಗಿ ಇಟ್ಟುಕೊಂಡಿದ್ದೆ.

"ಆದರೆ ಎಲ್ಲ ಬ್ಯಾಕ್ಟೀರಿಯಾಗಳೂ..." ಎನ್ನುವಾಗ ಕಾರ್ಯದರ್ಶಿ ಮೈಕಿನ ಹತ್ತಿರ ಬಂದು ಹೇಳಿದರು, "ಊಟಕ್ಕೆ ಎಲೆ ಹಾಕಿ ಆಯ್ತು." ನಮ್ಮ ಊರುಗಳಲ್ಲಿ ಎಲೆ ಹಾಕಿದ ಮೇಲೆ ಉಳಿಯುವ ಭಾಷಣವನ್ನು ನಾನು ಇನ್ನೂ ನೋಡಿಲ್ಲ. ನಾನು ಬಾಯಿ ಮುಚ್ಚುವ ಮೊದಲೇ ಕುರ್ಚಿಗಳು ಖಾಲಿಯಾಗಿದ್ದವು.

ಪಾಯಸ ಬಡಿಸುತ್ತಾ ಕಾರ್ಯದರ್ಶಿಯವರು ಹೊಗಳಿದರು, "ಒಳ್ಳೆ ಭಾಷಣ ಮೇಡಂ. ಮುಗಿದದ್ದೇ ಗೊತ್ತಾಗ್ಲಿಲ್ಲ."

ಮಡಕೆ

ಅತ್ತೆಯ ಆ ಮಡಕೆ ಅವರ ಅತ್ತೆಯಿಂದ ಬಂದದ್ದು. ಒಳಗೆಲ್ಲ ಕಪ್ಪು, ಬಾಯಿಯ ಅಂಚು ಸವೆದಿತ್ತು. ಅದಕ್ಕೆ ಹೆಪ್ಪು ಹಾಕುವ ಕ್ರಮವೇ ಇರಲಿಲ್ಲ. ಉಗುರುಬೆಚ್ಚಗಿನ ಹಾಲು ಹೊಯ್ದು ಮುಚ್ಚಿಟ್ಟರೆ ಬೆಳಿಗ್ಗೆ ಗಟ್ಟಿ ಮೊಸರು. ಮಣ್ಣಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಮೊಸರಿನ ಬ್ಯಾಕ್ಟೀರಿಯಾ ಅಷ್ಟು ಕಾಲದಿಂದ ಮನೆ ಮಾಡಿತ್ತು. ಅತ್ತೆ ಅದನ್ನು ಬಿಸಿನೀರಿನಲ್ಲಿ ಅಲುಬುತ್ತಿದ್ದರು, ಉಜ್ಜುತ್ತಿರಲಿಲ್ಲ. ವಯಸ್ಸಾಗಿ ಊಟ ಸೇರದಂತಾದ ಮೇಲೆ ಅವರ ಗಂಟಲಲ್ಲಿ ಇಳಿಯುತ್ತಿದ್ದದ್ದು ಆ ಮೊಸರು ಕಲಸಿದ ಅನ್ನ ಒಂದೇ.

ಸಭೆಯ ಮರುದಿನ ನಾನು ಕಾಲೇಜಿನಿಂದ ಬರುವಾಗ ಮಡಕೆಯನ್ನು ಅಂಗಳದಲ್ಲಿ ಬಿಸಿಲಿಗೆ ಕವುಚಿ ಇಟ್ಟಿತ್ತು. ಹೊಸ ಹೆಂಚಿನ ಹಾಗೆ ಕೆಂಪಾಗಿತ್ತು. ಪಕ್ಕದಲ್ಲಿ ಪಂಪಿನ ತುಕ್ಕು ತೆಗೆಯುವ ತಂತಿ ಬ್ರಶ್ಶು, ಬಾವಿಗೆಂದು ತಂದಿಟ್ಟಿದ್ದ ಬ್ಲೀಚಿಂಗ್ ಪೌಡರಿನ ಚೀಲ.

"ಒಳಗೆ ಎಂತ ಲೋಳೆ ಅಂತೀ!" ಎಂದರು ಇವರು, ಬೆವರು ಒರೆಸಿಕೊಳ್ಳುತ್ತಾ. "ನೀನು ಹೇಳಿದ್ದು ನೂರಕ್ಕೆ ನೂರು ಸರಿ."

ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಒಬ್ಬರು ಮಾಡಿದ್ದು ಅದೇ ಮೊದಲು. ಅಳಬೇಕೋ ನಗಬೇಕೋ ತಿಳಿಯದೆ ಅತ್ತೆಯ ಮುಖ ನೋಡಿದೆ. ಅತ್ತೆ ಮೆಟ್ಟಲಲ್ಲಿ ಕೂತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಅಂದರು, "ಹುಟ್ಟಿದ ಮೇಲೆ ಒಂದು ಪಾತ್ರೆ ತೊಳೆದವನಲ್ಲ ಇವ. ಇವತ್ತು ತೊಳೆದ ನೋಡು."

ಭಾಷಣದ ಉಳಿದರ್ಧವನ್ನು ಆ ಸಂಜೆ ಇವರೊಬ್ಬರಿಗೇ ಹೇಳಿ ಮುಗಿಸಿದೆ. ಮರುದಿನದಿಂದ ಇವರು ಅಂಗಡಿಗೆ ಬರುವವರ ಮನೆಗಳಿಂದ, ಈಶ್ವರಮಂಗಲದಿಂದಲೂ, ಸ್ಟೀಲ್ ಡಬ್ಬಿಯಲ್ಲಿ ಹೆಪ್ಪಿಗೆ ಮೊಸರು ತರತೊಡಗಿದರು. ಅತ್ತೆ ಪ್ರತಿಯೊಂದನ್ನೂ ನಾಲಗೆಗೆ ಹಾಕಿ, "ಒಳ್ಳೆದುಂಟು, ಅವರ ಮನೆಯ ಮೊಸರು," ಎನ್ನುತ್ತಿದ್ದರು. ಅನ್ನ ಮಾತ್ರ ಬಟ್ಟಲಲ್ಲೇ ಉಳಿಯುತ್ತಿತ್ತು. ಮಡಕೆಯಲ್ಲಿ ಹೆಪ್ಪಿಲ್ಲದೆ ಇಟ್ಟ ಹಾಲು ನಾರಿತು. ಸ್ವಲ್ಪ ಸಮಯದಲ್ಲಿ ಮೊದಲಿನ ಹಾಗೆ ಆಗುತ್ತದೆ ಅತ್ತೆ, ಎಂದೆ. "ಅದಕ್ಕೆ ಸಮಯ ಉಂಟು," ಎಂದರು, "ನನಗೆ ಎಲ್ಲುಂಟು?"

ಆ ಮಳೆಗಾಲ ಅವರು ದಾಟಲಿಲ್ಲ. ಮೊಸರಿನಿಂದಾಗಿ ಅಲ್ಲ, ವಯಸ್ಸಾಗಿತ್ತು. ಆದರೂ ಕೊನೆಗಾಲದಲ್ಲಿ ಅವರಿಗೆ ಬೇಕಿದ್ದ ಒಂದು ತುತ್ತು ನಮ್ಮ ಮನೆಯಲ್ಲಿ ಇರಲಿಲ್ಲವಲ್ಲ ಎನ್ನುವುದು ನನ್ನನ್ನು ಈಗಲೂ ಕೊರೆಯುತ್ತದೆ. ಅಂದು ಸಭೆಯಲ್ಲಿ ಆ ಪಾಯಸ ಕುದಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಇವರು ಮಡಕೆಯನ್ನು ಬಿಡಲಿಲ್ಲ. ದಿನವೂ ತಾವೇ ಹಾಲು ಹೊಯ್ದು ಹೆಪ್ಪು ಹಾಕಿದರು, ಬಿಸಿನೀರಿನಲ್ಲಿ ಅಲುಬಿದರು, ಯಾರಿಗೂ ಮುಟ್ಟಲು ಕೊಡಲಿಲ್ಲ. ಮೊನ್ನೆ ಹೆಪ್ಪಿಲ್ಲದೆ ಹಾಲು ಇಟ್ಟು ನೋಡಿದರು. ಬೆಳಿಗ್ಗೆ ಮೊಸರು ಗಟ್ಟಿಯಾಗಿ ಕೂತಿತ್ತು. ಒಂದು ಚಮಚ ತಿಂದು, "ಅಮ್ಮ ಇರ್ಬೇಕಿತ್ತು," ಎಂದು ಗೋಡೆಯ ಕಡೆಗೆ ತಿರುಗಿ ನಿಂತರು.

ಆದರೆ ಈಗಲೂ ಚಹಾ ಕುಡಿದ ಲೋಟ, ತಿಂಡಿ ತಿಂದ ತಟ್ಟೆ ಎಲ್ಲವನ್ನೂ ಹಾಗೆಯೇ ಮೇಜಿನ ಮೇಲೆ ಬಿಟ್ಟು ಏಳುತ್ತಾರೆ. ತೊಳೆದಿಡಿ ಎಂದರೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ.

"ನನಗೆ ಹೆದರಿಕೆ ಮಾರಾಯ್ತಿ. ಒಳ್ಳೆದು ಎಂತಾದ್ರೂ ಅಂಟಿಕೊಂಡಿದ್ರೆ?"