ನಿಧನವಾರ್ತೆ ಓದುವ ಅಂಕಲ್

ವಾರಕ್ಕೊಮ್ಮೆ ಅರ್ಧ ಗಂಟೆ ಕನ್ನಡ ವಾರ್ತೆ ಓದುವವಳಿಗೆ ಏನು ಮಹಾ ಆಗುತ್ತದೆ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಮೈಕಿನ ಮುಂದೆ ಒಮ್ಮೆ ಬಾಯಿ ತೆರೆದರೆ ಸಾಕು, ಫಜೀತಿಗಳು ಮನೆ ಹುಡುಕಿಕೊಂಡು ಬರುತ್ತವೆ.

ವಾರವೆಲ್ಲ ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್. ಭಾನುವಾರ ಬೆಳಿಗ್ಗೆ ನ್ಯೂಯಾರ್ಕಿನ ಫ್ಲೋರಲ್ ಪಾರ್ಕಿಗೆ ಡ್ರೈವ್ ಮಾಡಿ, ಸೀರೆ ಅಂಗಡಿಯ ಮೇಲಿರುವ ಪುಟ್ಟ ರೇಡಿಯೊ ಸ್ಟೇಷನ್ನಿನಲ್ಲಿ ವಾರ್ತೆ ಓದುವುದು. ಸಂಬಳವಿಲ್ಲ, ಕಾಫಿ ಉಂಟು. ನನಗಿಂತ ಮುಂಚಿನ ಅರ್ಧ ಗಂಟೆ ಐರ್ಲೆಂಡಿನವರ ವಾರ್ತೆ. ಅದನ್ನು ಓದುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಐರಿಷ್ ಹಿರಿಯರು. ಮೊದಲು ತಮ್ಮ ಊರಿನ ರೇಡಿಯೊದಲ್ಲಿ, ಆಮೇಲೆ ಇಲ್ಲಿ, ಒಟ್ಟಿನಲ್ಲಿ ಜೀವಮಾನವೆಲ್ಲ ವಾರ್ತೆ ಓದಿದವರು.

ಮೊದಲ ದಿನ ಅಭ್ಯಾಸಬಲದಿಂದ ಅವರನ್ನು "ಅಂಕಲ್" ಅಂದುಬಿಟ್ಟೆ. ಅವರು ಗಾಬರಿಯಾದವರಂತೆ ಮ್ಯಾನೇಜರ್ ಕಡೆ ತಿರುಗಿ, "ನನ್ನ ತಮ್ಮನಿಗೆ ಮದುವೇನೇ ಆಗಿರಲಿಲ್ಲವಲ್ಲ, ಇವಳು ಎಲ್ಲಿಂದ ಬಂದಳು?" ಅಂದರು. ಅಂದಿನಿಂದ ಅವರು ಅಂಕಲ್ಲೇ.

ಅಸಲಿ ಸುದ್ದಿ

ಅಂಕಲ್ ಊರಿನ ಕಡೆ ರೇಡಿಯೊದಲ್ಲಿ ದಿನವೂ ನಿಧನವಾರ್ತೆ ಓದುವ ಪದ್ಧತಿಯಂತೆ. ಯಾರು ಹೋದರು, ಯಾವ ಚರ್ಚಿನಲ್ಲಿ ಪ್ರಾರ್ಥನೆ, ಎಲ್ಲಿ ಮಣ್ಣು, ಎಲ್ಲ ವಿವರ. ಇಲ್ಲಿಯೂ ಅವರು ಅದನ್ನು ಬಿಟ್ಟಿರಲಿಲ್ಲ.

"ಪ್ರಧಾನಿ ಏನಂದ ಅಂತ ಯಾರಿಗೆ ಬೇಕು? ಪಕ್ಕದ ಮನೆಯವನು ಇದ್ದಾನೋ ಇಲ್ಲವೋ, ಅದು ಸುದ್ದಿ" ಅನ್ನುತ್ತಿದ್ದರು.

ಆ ವರ್ಷ ಅವರು ಕೆಲಸ ಬಿಟ್ಟು ಊರಿಗೆ ವಾಪಸ್ ಹೋಗುವವರಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. "ಅಲ್ಲಿ ಏರ್‌ಪೋರ್ಟಿಗೆ ಯಾರು ಬರ್ತಾರೆ ಅಂಕಲ್?" ಅಂತ ಕೇಳಿದೆ.

"ಬರಬೇಕಾದವರನ್ನೆಲ್ಲ ನಾನೇ ಓದಿ ಮುಗಿಸಿದ್ದೀನಲ್ಲ ಮಗಳೇ!"

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ವಾಪಸ್ ಬರುವಾಗ ಕಾರಿನಲ್ಲಿ ಆ ಮಾತು ಮತ್ತೆ ನೆನಪಾಯಿತು, ನಗು ಬರಲಿಲ್ಲ.

ಸೂತಕ

ನನ್ನ ವಾರ್ತೆಗೆ ಒಂದು ಫೋನೂ ಬರುತ್ತಿರಲಿಲ್ಲ. ಅಂಕಲ್ ಮಾತು ನಂಬಿ ನಾನೂ ಒಂದು ಭಾನುವಾರ ನಿಧನವಾರ್ತೆ ಓದಿದೆ. ಹುಬ್ಬಳ್ಳಿಯಲ್ಲಿ ತೀರಿಕೊಂಡ ಒಬ್ಬ ನಿವೃತ್ತ ಮೇಷ್ಟ್ರದ್ದು. ಓದಿ ಮುಗಿಸುವುದರೊಳಗೆ ಫೋನು! ಧಾರವಾಡ ಕಡೆಯ ಒಬ್ಬ ಆಂಟಿ.

"ಯವ್ವಾ, ಇಲ್ಲಿ ನಮ್ಮ ಸೊಸಿ ಸೀಮಂತ ನಡದೈತಿ. ಆ ಮಾಸ್ತರು ನಮಗ ದೂರದ ಸಂಬಂಧ ಆಗಬೇಕು. ಈಗ ಹದಿನಾಕು ಮಂದಿ ಒಂದ ಬಾತ್‌ರೂಮಿನ ಮುಂದ ಪಾಳಿ ಹಚ್ಚ್ಯಾರ. ಸೂತಕ ಐತೋ ಇಲ್ಲೋ ನೀನ ಹೇಳು. ಓದಿದಾಕಿ ನೀನ ಅಲ್ಲೇನು?"

ನನಗೇನು ಗೊತ್ತು? ಪರಿಚಯದ ಪುರೋಹಿತರೊಬ್ಬರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿ ನಿಟ್ಟುಸಿರು ಬಿಟ್ಟರು.

"ಅಷ್ಟು ದೂರದ ಸಂಬಂಧಕ್ಕೆ ಸೂತಕ ಇಲ್ಲಮ್ಮ. ಆದರೂ ಶುಭಕಾರ್ಯ ಇರೋರ ಮನೇಲಿ ಭಾನುವಾರ ರೇಡಿಯೊ ಹಾಕಬೇಡಿ ಅಂತ ಇನ್ಮೇಲೆ ನಾನೇ ಹೇಳ್ತೀನಿ."

ಹಲ್ಲುಜ್ಜುವ ಬ್ರಷ್

ಅಂಕಲ್ ಸೋಲೊಪ್ಪುವವರಲ್ಲ. "ನಿಮ್ಮ ಜನಕ್ಕೆ ಯಾವ ಸುದ್ದಿ ಬೇಕೇಬೇಕು, ಯೋಚನೆ ಮಾಡು" ಅಂದರು. ತಟ್ಟನೆ ಹೊಳೆಯಿತು. ಇಂಡಿಯಾಗೆ ಯಾರು ಹೊರಟಿದ್ದಾರೆ, ಅವರ ಸೂಟ್‌ಕೇಸಿನಲ್ಲಿ ಜಾಗ ಇದೆಯಾ, ಇದಕ್ಕಿಂತ ದೊಡ್ಡ ಸುದ್ದಿ ನಮ್ಮವರಿಗೆ ಯಾವುದಿದೆ?

ಮುಂದಿನ ವಾರ ಪರಿಚಯದ ಡಾಕ್ಟರೊಬ್ಬರ ಒಪ್ಪಿಗೆ ಪಡೆದು, ಅವರು ಬುಧವಾರ ಬೆಂಗಳೂರಿಗೆ ಹೊರಟಿರುವುದನ್ನು ಓದಿದೆ. ಮಂಗಳವಾರ ಅವರದ್ದೇ ಫೋನು.

"ನೋಡಮ್ಮ, ನಾನು ಹೋಗ್ತಿರೋದು ಸ್ವಂತ ತಂಗಿ ಮದುವೆಗೆ. ಸೂಟ್‌ಕೇಸಿನ ತುಂಬ ಯಾರ್ಯಾರದೋ ವಿಟಮಿನ್ ಮಾತ್ರೆ, ಮಕ್ಕಳ ಬಟ್ಟೆ, ಬಾದಾಮಿ. ನಂದು ಅಂತ ಇರೋದು ಹಲ್ಲುಜ್ಜೋ ಬ್ರಷ್ ಒಂದೇ!"

ಡಬ್ಲಿನ್

ಅದು ಸ್ಟೇಷನ್ನಿನಲ್ಲಿ ಅಂಕಲ್ ಅವರ ಕೊನೆಯ ಭಾನುವಾರ. ನನ್ನ ವಾರ್ತೆಯ ಕೊನೆಯಲ್ಲಿ, "ನಮ್ಮ ಹಿರಿಯ ಐರಿಷ್ ವಾರ್ತಾವಾಚಕರು ಗುರುವಾರ ಡಬ್ಲಿನ್ನಿಗೆ ಹೊರಟಿದ್ದಾರೆ. ಅವರಿಗೆ ಶುಭವಾಗಲಿ" ಅಂತ ಓದಿದೆ. ಅಷ್ಟೇ. ದೇವರಾಣೆ, ಅಷ್ಟೇ.

ಫೋನು ಹೊಡೆದುಕೊಳ್ಳತೊಡಗಿತು. ಮೊದಲನೆಯದು ಅದೇ ಸೀಮಂತದ ಆಂಟಿ. "ಯವ್ವಾ, ನಮ್ಮ ತಂಗಿ ಮಗಳು ಡಬ್ಲಿನ್ನಾಗ ಅದಾಳ, ಬಸುರಿ. ಶೇಂಗಾ ಚಟ್ನಿಪುಡಿ ಬೇಕಂತ ಅಳಾಕತ್ಯಾಳ. ಆ ಅಜ್ಜಾರ ಪೆಟ್ಟಿಗ್ಯಾಗ ಒಂದೀಟು ಜಾಗ ಐತೇನು ಕೇಳು."

ನಾಚಿಕೆಯಿಂದಲೇ ಕೇಳಿದೆ. ಅಂಕಲ್ ನಕ್ಕರು. "ನನ್ನ ಪೆಟ್ಟಿಗೇಲಿ ಇರೋದು ಒಂದು ಕೋಟು, ನಾಲ್ಕು ಅಂಗಿ. ತರಲಿ ಬಿಡು."

ಬುಧವಾರ ಆರು ಮನೆಯವರು ಡಬ್ಲಿನ್ನಿನಲ್ಲಿರುವ ತಮ್ಮ ತಮ್ಮವರಿಗೆಂದು ಪೊಟ್ಟಣ ಹಿಡಿದು ಅವರ ಬಾಗಿಲಿಗೆ ಬಂದರು. ಅಂಕಲ್ ಪ್ರತಿ ಪೊಟ್ಟಣ ಬಿಚ್ಚಿಸಿ, ಏನೆಂದು ಕೇಳಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೇ ಪೆಟ್ಟಿಗೆಗೆ ಇಟ್ಟುಕೊಂಡರು. ನಾಲ್ಕನೆಯದು ಗುಂಟೂರು ಮೆಣಸಿನಕಾಯಿ ಪುಡಿ. ಐದನೆಯದನ್ನು ರುಚಿ ನೋಡುವ ಮುಂಚೆ ಅರ್ಧ ಗಂಟೆ ವಿರಾಮ ಬೇಕಾಯಿತು.

ಶುಕ್ರವಾರ ಡಬ್ಲಿನ್ನಿನಿಂದ ಫೋನು. ಯಾವತ್ತೂ ನಡುಗದ ಆ ವಾರ್ತೆಯ ದನಿ ನಡುಗುತ್ತಿತ್ತು.

"ಮಗಳೇ, ಏರ್‌ಪೋರ್ಟಿನಲ್ಲಿ ಇಲ್ಲಿನ ಆರೂ ಮನೆಯವರು ನನ್ನ ಹೆಸರಿನ ಬೋರ್ಡು ಹಿಡಿದು ನಿಂತಿದ್ದರು. ಮಕ್ಕಳು, ಮರಿ, ಎಲ್ಲರೂ. ಆ ಬಸುರಿ ಹುಡುಗಿ ಬೇಡ ಅಂದರೂ ಬಗ್ಗಿ ಕಾಲು ಮುಟ್ಟಿದಳು. ಪಕ್ಕದವರು ನಾನು ಯಾರೋ ಮಂತ್ರಿ ಅಂತ ಫೋಟೊ ತೆಗೆದರು. ಭಾನುವಾರ ಊಟಕ್ಕೂ ಕರೆದಿದ್ದಾರೆ."

ನನಗೆ ಅಳು ತಡೆಯಲಾಗಲಿಲ್ಲ. "ನೋಡಿದಿರಾ ಅಂಕಲ್, ಯಾರೂ ಬರಲ್ಲ ಅಂತಿದ್ರಿ" ಅಂದೆ.

"ಹೂಂ. ಆದರೆ ಒಂದು ತೊಂದರೆ ಆಗಿದೆ."

"ಏನಂಕಲ್?"

"ನಾನು ವಾಪಸ್ ನ್ಯೂಯಾರ್ಕಿಗೆ ಯಾವಾಗ ಹೊರಡ್ತೀನಿ ಅಂತ ಆರೂ ಮನೆಯವರು ಕೇಳ್ತಿದ್ದಾರೆ. ಇಲ್ಲಿನ ಬೆಣ್ಣೆ ಕಾಯಿಸಿ ನಿಮಗೆಲ್ಲ ತುಪ್ಪ ಕಳಿಸಬೇಕಂತೆ."