ಬ್ಯಾಡಗಿಯಲ್ಲಿ ಬಂದ ಕಣ್ಣೀರು

ನಮ್ಮ ದೇಹದೊಳಗೆ ನಮ್ಮ ಮಾತು ಕೇಳದ ಒಂದು ಕಚೇರಿ ಇದೆ. ಎದೆಬಡಿತ, ಬೆವರು, ಕಣ್ಣೀರು ಎಲ್ಲದರ ಹುಕುಂ ಅಲ್ಲಿಂದಲೇ ಹೊರಡುತ್ತದೆ. ನಮ್ಮ ಸಹಿ ಯಾರೂ ಕೇಳುವುದಿಲ್ಲ. ಸ್ವನಿಯಂತ್ರಿತ ನರವ್ಯೂಹ ಅಂತ ಅದರ ಹೆಸರು. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ವರ್ಷವರ್ಷವೂ ಅದನ್ನು ಬೋರ್ಡಿನ ಮೇಲೆ ಎರಡು ಭಾಗ ಮಾಡಿ ಬರೆಯುತ್ತೇನೆ. ಅನುವೇದನಾ ಭಾಗ ಹೆದರಿದಾಗ ಎದೆ ಓಡಿಸುತ್ತದೆ, ಬಾಯಿ ಒಣಗಿಸುತ್ತದೆ, ಅಂಗೈ ಬೆವರಿಸಿ ಕೈ ನಡುಗಿಸುತ್ತದೆ. ಪರಾನುವೇದನಾ ಭಾಗ ಎದೆಯನ್ನು ನಿಧಾನ ಮಾಡುತ್ತದೆ, ಉಂಡದ್ದನ್ನು ಅರಗಿಸುತ್ತದೆ, ಕಣ್ಣಿಗೆ ಖಾರ ತಾಗಿದರೆ ನೀರು ಬಿಡುತ್ತದೆ. ಈ ಕೊನೆಯ ಮಾತು ಬಂದಾಗ ಮಾತ್ರ ನಾನು ಮಕ್ಕಳ ಮುಖ ನೋಡುವುದಿಲ್ಲ. ನನ್ನ ಮದುವೆಯೇ ಅದರ ಮೇಲೆ ನಿಂತಿದೆ.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಹೆಣ್ಣು ನೋಡಲು ಬ್ಯಾಡಗಿಗೆ ಹೋದೆ. ಮೆಣಸಿನಕಾಯಿ ಸುಗ್ಗಿ. ಹುಡುಗಿ ಮನೆಯ ಪಕ್ಕದ ಅಂಗಳದಲ್ಲೇ ಹೆಂಗಸರು ತೊಟ್ಟು ಬಿಡಿಸುತ್ತಿದ್ದರು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತಾರೆ, ಬೇಕಾದವರು ನಂಬಲಿ. ಶಾಂತಾ ಚಹಾ ತಂದಳು, ಕಪ್ಪನ್ನು ಅದರಡಿಯ ಬಸಿ ಸಮೇತ ಇಸಕೊಂಡೆ. ಅವಳಪ್ಪ, "ತಾಯಿ ಇಲ್ಲದ ಮಗಳರಿ, ನಾನಽ ಬೆಳಿಸೇನಿ" ಅಂದರು. ಸರಿಯಾಗಿ ಅದೇ ಹೊತ್ತಿಗೆ ಘಾಟು ಒಳಬಂದು ನನ್ನ ಕಣ್ಣಲ್ಲಿ ನೀರು ದಳದಳ ಇಳಿಯಿತು. ಹುಟ್ಟಿದಾಗಿನಿಂದ ಆ ಘಾಟಿನಲ್ಲೇ ಉಸಿರಾಡಿದ ಅವರಿಗೆ ಅದರ ಖಬರೇ ಇಲ್ಲ. ನನ್ನ ಕೈ ಹಿಡಿದು, "ಮಾಸ್ತರದು ಬೆಣ್ಣಿಯಂಥ ಮನಸೈತಿ. ನನ್ನ ಮಗಳು ಸುಖದಿಂದ ಇರ್ತಾಳ" ಅಂದರು. ನಿಜ ಹೇಳಬೇಕಿತ್ತು. ಹೇಳಿದರೆ ಹುಡುಗಿ ಕೈತಪ್ಪುತ್ತಾಳೆಂದು ಮೂಗು ಒರೆಸಿಕೊಂಡು ಸುಮ್ಮನಾದೆ.

ಮಾವ ಬದುಕಿರುವವರೆಗೂ ಬಂದವರಿಗೆಲ್ಲ ಆ ಕಣ್ಣೀರಿನ ಕಥೆ ಹೇಳಿದರು. ಅವರು ತೀರಿಕೊಂಡದ್ದು ಮಳೆಗಾಲದಲ್ಲಿ. ಆ ದಿನ ಘಾಟೂ ಇಲ್ಲ, ಏನೂ ಇಲ್ಲ, ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಷ್ಟು ನಂಬಿದ ಮನುಷ್ಯನಿಗೆ ಮೋಸ ಮಾಡಿದೆನಲ್ಲ ಅನ್ನಿಸಿತು. ತಡೆಯಲಾರದೆ ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ಶಾಂತಾಗೆ ಹೇಳಿಬಿಟ್ಟೆ: "ಅವತ್ತಿನ ಕಣ್ಣೀರು ಖರೇ ಅಲ್ಲ. ಮೆಣಸಿನಕಾಯಿದು."

ಅವಳು ರೊಟ್ಟಿ ತಿರುವಿ ಹಾಕಿದಳು. "ಅಷ್ಟೂ ತಿಳಿಯೂದಿಲ್ಲೇನ್ರಿ ಬ್ಯಾಡಗಿ ಹುಡುಗಿಗೆ? ಹೊರಗಿಂದ ಬಂದವರೆಲ್ಲಾರೂ ಹಂಗಽ ಅಳ್ತಾರ. ನಾ ನಿಮ್ಮ ಕಣ್ಣು ನೋಡಲೇ ಇಲ್ಲ. ಕಪ್ಪು ಇಸಕೊಳ್ಳುವಾಗ ನಿಮ್ಮ ಕೈ ಗಡಗಡ ನಡುಗಿ ಬಸಿ ತುಂಬ ಚಹಾ ಚೆಲ್ಲಿತ್ತಲ್ಲ, ಅದನ್ನ ನೋಡಿ ಹೂಂ ಅಂದೆ. ಅದೂ ಮೆಣಸಿನಕಾಯಿದಽ ಏನು?"

ಎರಡು ಅಂಕದ ಪ್ರಶ್ನೆ. ಉತ್ತರ ನಾನೇ ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದದ್ದು. ಬಾಯಿ ಒಣಗಿತು, ತುಟಿ ಸವರಿಕೊಂಡೆ. ಅವಳು ನನ್ನ ಮುಖ ನೋಡಿ, ನಗುತ್ತ, ಒಂದು ತಂಬಿಗೆ ನೀರು ಮುಂದಿಟ್ಟಳು.