ತುರಗಗಿರಿಯಲ್ಲಿ ಬೀಳುವ ಪಾಠ

ಬಹಳ ಹಿಂದೆ, ಅಂದರೆ ಯಾರೂ ನನ್ನ ಮೇಲೆ ಮಾನನಷ್ಟ ಮೊಕದ್ದಮೆ ಹೂಡಲಾಗದಷ್ಟು ಹಿಂದೆ, ತುರಗಗಿರಿ ಎಂಬ ರಾಜ್ಯವೊಂದಿತ್ತು. ಅಲ್ಲಿ ಕುದುರೆಯಿಲ್ಲದ ಮನೆಯಿರಲಿಲ್ಲ. ಆಳುತ್ತಿದ್ದವರು ಶ್ರೀಮನ್ಮಹಾರಾಜಾಧಿರಾಜ, ಅಶ್ವಕುಲತಿಲಕ ಅಚಲಕೀರ್ತಿ ಮಹಾಪ್ರಭುಗಳು. ಅವರಿಗೆ ಬಿರುದುಗಳು ಬಹಳ, ಲಾಯದಲ್ಲಿ ಕುದುರೆಗಳೂ ಬಹಳ. ಸವಾರಿ ಮಾಡಲು ಮಾತ್ರ ಬರುತ್ತಿರಲಿಲ್ಲ. ಹತ್ತಿದರೆಂದರೆ ಬಿದ್ದರೆಂದೇ ಲೆಕ್ಕ. ಆದರೂ ವಾರಕ್ಕೊಮ್ಮೆಯಾದರೂ ಕುದುರೆಯ ಮೇಲೆ ಪ್ರಜೆಗಳಿಗೆ ದರ್ಶನ ಕೊಡುವುದನ್ನು ಅವರು ಬಿಟ್ಟಿರಲಿಲ್ಲ.

ಅರಸ ಬಿದ್ದಾಗ ಪ್ರಜೆ ನಿಂತಿದ್ದರೆ ಪ್ರಜೆಯ ತಲೆ ಅರಸನ ತಲೆಗಿಂತ ಎತ್ತರವಾಗುತ್ತದಲ್ಲ? ಈ ಅನಾಹುತ ತಪ್ಪಿಸಲು ಅಲ್ಲಿ 'ಸಹಪತನ' ಎಂಬ ಪದ್ಧತಿಯಿತ್ತು. ಮಹಾಪ್ರಭುಗಳು ಬಿದ್ದೊಡನೆ ಕಣ್ಣಿಗೆ ಬೀಳುವಷ್ಟು ದೂರದಲ್ಲಿರುವವರೆಲ್ಲ ದೊಪ್ಪೆಂದು ಬೀಳಬೇಕು. ಅರಸರು ಏಳುವ ತನಕ ಏಳಬಾರದು. ಮಹಾಮಂತ್ರಿ ಸೂಕ್ತಿಧರರಂತೂ ಎಷ್ಟೋ ಸಲ ಅರಸರಿಗಿಂತ ಅರೆಕ್ಷಣ ಮುಂಚೆಯೇ ಬಿದ್ದುಬಿಡುತ್ತಿದ್ದರು. ಆ ಪದವಿಗೆ ಅವರು ಏರಿದ್ದೇ ಹಾಗೆ.

ಒಂದು ದಿನ ಪೇಟೆಬೀದಿಯಲ್ಲಿ ಮಹಾಪ್ರಭುಗಳು ಎಂದಿನಂತೆ ಬಿದ್ದರು. ಮಂತ್ರಿಗಳು ಬಿದ್ದರು, ಕಾವಲಿನವರು ಬಿದ್ದರು, ಬಳೆಗಾರರು ತಮ್ಮ ಬಳೆಗಳ ಮೇಲೆಯೇ ಬಿದ್ದರು. ಒಬ್ಬಳು ಮಾತ್ರ ಬೀಳಲಿಲ್ಲ. ಅವಳು ಸೂಲಗಿತ್ತಿ ಬಾಳವ್ವ. ಜಿಂಕಿ ಎಂಬ ತನ್ನ ಹೆಣ್ಣುಕುದುರೆಯ ಮೇಲೆ ಪಕ್ಕದ ಹಳ್ಳಿಗೆ ಹೆರಿಗೆ ಮಾಡಿಸಲು ಹೊರಟಿದ್ದಳು. ಬಾಯಿ ಜೋರಿನ ಹೆಂಗಸು. ಅರಸರನ್ನು ತುಳಿಯದಂತೆ ಜಿಂಕಿಯನ್ನು ಪಕ್ಕಕ್ಕೆ ತಿರುಗಿಸಿ, ಕುದುರೆಯ ಮೇಲಿಂದಲೇ ಬಗ್ಗಿ ನೋಡಿದಳು.

"ಪೆಟ್ಟಾತೇನ್ರಿ ದೊರಿ? ಹಂಗ ಲಗಾಮು ಜಗ್ಗಿದ್ರ ಯಾವ ಕುದರಿ ಸುಮ್ಮನಿದ್ದೀತು? ನಾನೂ ಇವತ್ತಿಗೂ ಸವಾರಿ ಕಲಿಸೂ ಉಸ್ತಾದರ ಹತ್ರ ಹೋಗಿ ಬೈಸ್ಕೊಂಡು ಬರ್ತೀನಿ. ಕುದರಿ ಮನ್ಯಾಗ ಐತಿ ಅಂದ್ರ ಸವಾರಿ ಬಂದಂಗಾತೇನ್ರಿ? ನೀವೂ ಯಾರರೆ ಬಲ್ಲವರ ಹತ್ರ ಕಲೀರಿ" ಎಂದು ಹೇಳಿ ಹೊರಟೇಹೋದಳು.

ಬಿದ್ದಿದ್ದವರೆಲ್ಲ ಇದನ್ನು ಕೇಳಿಸಿಕೊಂಡರು. ಬಿದ್ದವರಿಗೆ ಕೇಳಿಸಿಕೊಳ್ಳುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ.

ಅಂದೇ ಆಸ್ಥಾನ ಸೇರಿತು. ಮಹಾಪ್ರಭುಗಳು ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಲೇ ಕೇಳಿದರು: "ಅಮಾತ್ಯರೇ, ನಮಗೆ ಪಾಠ ಬೇಕಂತೆ. ನಿಜವೇ?"

"ಶಾಂತಂ ಪಾಪಂ!" ಎಂದು ಸೂಕ್ತಿಧರರು ಕಿವಿ ಮುಚ್ಚಿಕೊಂಡರು. "ತಾವು ಬಿದ್ದಿರೆಂದು ಹೇಳಿದವರಾರು ಪ್ರಭೂ? ತಮ್ಮ ತೇಜಸ್ಸನ್ನು ಹೊರಲಾರದೆ ಕುದುರೆಯೇ ಕೆಳಗಿನಿಂದ ಸರಿದುಕೊಂಡಿತು. ಪಾಠದ ಅಗತ್ಯವಿದೆ, ಒಪ್ಪೋಣ. ಆದರೆ ಯಾರಿಗೆ? ಎಲ್ಲರೂ ಬಿದ್ದಾಗ ಬೀಳಲು ಬಾರದವಳಿಗೆ!"

ಸಭೆ ತಲೆದೂಗಿತು. ಪರದೇಶದಿಂದ ನಿರೂಪಣಾಚಾರ್ಯ ಎಂಬ ಅಶ್ವಸಲಹಾ ತಜ್ಞರನ್ನು ಕರೆಸಲಾಯಿತು. ಕುದುರೆ ಹತ್ತಿರ ಬಂದರೆ ಅವರಿಗೆ ಸೀನು ಬರುತ್ತಿತ್ತು. ಹಾಗಾಗಿ ಜನ್ಮದಲ್ಲಿ ಒಂದನ್ನೂ ಮುಟ್ಟಿರಲಿಲ್ಲ. ಅವರ ನಿಷ್ಪಕ್ಷಪಾತಕ್ಕೆ ಇದೇ ಸಾಕ್ಷಿಯೆಂದು ಮಹಾಮಂತ್ರಿಗಳು ಹೊಗಳಿದರು.

ತಜ್ಞರು ಗೋಡೆಯ ಮೇಲೆ ಬಣ್ಣದ ಚಿತ್ರಗಳನ್ನು ಮೂಡಿಸಿ ಪ್ರೆಸೆಂಟೇಶನ್ ಕೊಟ್ಟರು. "ತುರಗಗಿರಿಯ ಅಶ್ವಮಾಲೀಕರಲ್ಲಿ ಗಂಭೀರವಾದ ಸ್ಕಿಲ್ ಗ್ಯಾಪ್ ಕಾಣಿಸುತ್ತಿದೆ. ಹತ್ತುವುದನ್ನೂ ಓಡಿಸುವುದನ್ನೂ ಬಲ್ಲರು. ಇಳಿಯುವ ವಿಷಯದಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ರೀತಿ. ಸ್ಟ್ಯಾಂಡರ್ಡ್ ಇಲ್ಲ."

"ಇಳಿಯುವುದರಲ್ಲಿ ವಿಶ್ವದರ್ಜೆಯ ಸ್ಟ್ಯಾಂಡರ್ಡ್ ಯಾರದು?" ಎಂದು ಮಹಾಪ್ರಭುಗಳು ಕೇಳಿದರು.

"ಸನ್ನಿಧಾನದ್ದೇ" ಎಂದರು ತಜ್ಞರು.

ಮರುದಿನವೇ ಡಂಗುರ ಸಾರಿಸಿದರು. ಕುದುರೆಯುಳ್ಳ ಪ್ರತಿಯೊಬ್ಬರೂ ನಿಯಮಿತವಾಗಿ ಸವಾರಿ ಪಾಠಕ್ಕೆ ಹಾಜರಾಗಬೇಕು, ತಜ್ಞರ ಸಲಹೆ ಪಡೆಯಬೇಕು. ಪಾಸಾಗುವ ತನಕ ಅವರವರ ಕುದುರೆ ಸುರಕ್ಷತೆಯ ದೃಷ್ಟಿಯಿಂದ ಅರಮನೆಯ ಲಾಯದಲ್ಲಿರತಕ್ಕದ್ದು, ಮೇವು ಮಾಲೀಕರದು. ನಿಜವಾದ ಕುದುರೆ ಅಪಾಯಕಾರಿಯಾದ್ದರಿಂದ ಪಾಠವೆಲ್ಲ ಮರದ ಕುದುರೆಯ ಮೇಲೆ. ಬೀಳದೆ ಕೂರುವುದನ್ನು ಕಲಿಸುತ್ತಿದ್ದ ಉಸ್ತಾದರ ಅಖಾಡವನ್ನು ಪಠ್ಯವಿರೋಧಿ ಎಂದು ಮುಚ್ಚಿಸಿದರು. ಮಹಾಪ್ರಭುಗಳಿಗೆ ಮಾತ್ರ ವಿನಾಯಿತಿ, ಏಕೆಂದರೆ ಪಠ್ಯವೇ ಅವರು.

ಬಾಳವ್ವನ ಜಿಂಕಿಯೂ ಲಾಯ ಸೇರಿತು. ಅವಳು ಬಯ್ಯುತ್ತಲೇ ಪಾಠಕ್ಕೆ ಹೋದಳು. ಮರದ ಕುದುರೆ ಹತ್ತಿ ಕೂತಳು, ಹಾಗೇ ಕೂತೇ ಇದ್ದಳು.

"ಬೀಳಿ" ಎಂದರು ತಜ್ಞರು.

"ಹ್ಯಾಂಗ ಬೀಳೂದ್ರಿ? ಇದು ಅಲುಗಾಡೂದೇ ಇಲ್ಲಲ್ಲ."

"ಭಕ್ತಿಯಿದ್ದರೆ ಬೀಳಬಹುದು."

ಫೇಲಾದಳು. ಮತ್ತೆ ಹೋದಳು, ಮತ್ತೆ ಫೇಲಾದಳು. ಕೊನೆಗೆ ಒಂದು ದಿನ ಅವಳ ಜೋರು ಬಾಯಿಯೂ ತಗ್ಗಿತು. "ಸಾಹೇಬ್ರ, ಗುಡ್ಡದಾಚಿ ಕುಂಬಾರ ಭರಮಪ್ಪನ ಹೆಂಡತಿಗೆ ದಿನ ತುಂಬ್ಯಾವ. ಚೊಚ್ಚಲ ಬಸಿರು, ಕೂಸು ಅಡ್ಡ ಐತಿ. ನಾ ನಡಕೊಂತ ಹೋದ್ರ ಹೊತ್ತಿಗೆ ಮುಟ್ಟಂಗಿಲ್ಲ. ನನ್ನ ಜಿಂಕಿನ್ನ ಕೊಡ್ರಿ. ನೋಡ್ರಿ, ಬಿದ್ದೆ" ಎನ್ನುತ್ತ ಮರದ ಕುದುರೆಯಿಂದ ನೆಲಕ್ಕೆ ಉರುಳಿದಳು. ಮೊಣಕೈ ತರಚಿ ರಕ್ತ ಬಂತು.

ತಜ್ಞರು ಗದ್ದ ತುರಿಸಿಕೊಂಡರು. "ಬಿದ್ದದ್ದೇನೋ ಹೌದು. ಆದರೆ ಅದರಲ್ಲಿ ಆತುರವಿತ್ತು, ಗೌರವವಿರಲಿಲ್ಲ. ಮುಂದಿನ ಬ್ಯಾಚಿಗೆ ಬನ್ನಿ."

ಅಷ್ಟರಲ್ಲಿ ಯೋಜನೆಯ ಯಶಸ್ಸನ್ನು ಆಚರಿಸುವ ದಿನ ಗೊತ್ತಾಯಿತು. ಮಹಾಪ್ರಭುಗಳಿಗೆ 'ಅಶ್ವವಿದ್ಯಾ ಸಾರ್ವಭೌಮ' ಎಂಬ ಪದವಿ ಕೊಡಬೇಕೆಂದು ಮಹಾಪ್ರಭುಗಳೇ ನೇಮಿಸಿದ ಸಮಿತಿ ಒಮ್ಮತದಿಂದ ತೀರ್ಮಾನಿಸಿತ್ತು. ಬೀದಿ ತುಂಬ ತೋರಣ, ವಾದ್ಯ.

ಅದೇ ಬೆಳಿಗ್ಗೆ ಭರಮಪ್ಪ ಗುಡ್ಡದಾಚೆಯಿಂದ ಓಡುತ್ತ ಬಂದ. ಅವನ ತಟ್ಟು ಕುದುರೆಯೂ ಲಾಯದಲ್ಲೇ ಇತ್ತು.

"ಬಾಳವ್ವಾ, ನೀಲವ್ವಗ ಬ್ಯಾನಿ ಸುರು ಆಗ್ಯಾವ. ಭಾಳ ಒದ್ದಾಡಾಕತ್ತಾಳ, ಲಗೂನ ಬಾ ಯವ್ವಾ!"

ಇಬ್ಬರೂ ನಡೆದೇ ಹೊರಟರು. ಪೇಟೆಬೀದಿ ದಾಟುವಷ್ಟರಲ್ಲಿ ಮೆರವಣಿಗೆ ಎದುರಾಯಿತು. ಮಹಾಪ್ರಭುಗಳು ಪ್ರಾತ್ಯಕ್ಷಿಕೆಯ ಸಲುವಾಗಿ ನಿಜವಾದ ಕುದುರೆ ಹತ್ತಿದ್ದರು, ಬಿದ್ದರು. ಊರಿಗೆ ಊರೇ ತರಬೇತಿ ಪಡೆದಂತೆ ಒಟ್ಟಿಗೆ ಬಿತ್ತು. ಎಷ್ಟು ಅಂದವಾಗಿ ಬಿತ್ತೆಂದರೆ ಮಹಾಪ್ರಭುಗಳು ಮಲಗಿದಲ್ಲೇ ಸಂತೋಷಪಟ್ಟು, ಪದವಿಯನ್ನು ಇಲ್ಲಿಯೇ ಸ್ವೀಕರಿಸುತ್ತೇವೆ ಎಂದರು. ಮಲಗಿದವರ ತಲೆಗೆ ಕಿರೀಟ ಇಟ್ಟರು. ಮಲಗಿಯೇ ಸೂಕ್ತಿಧರರು ಅಭಿನಂದನಾ ಭಾಷಣ ಮಾಡಿದರು. ವಂದನಾರ್ಪಣೆಯನ್ನೂ ಬಿಡಲಿಲ್ಲ. ಎದ್ದು ಓಡಲು ನೋಡಿದ ಭರಮಪ್ಪನ ಬೆನ್ನಿನ ಮೇಲೆ ಕಾವಲಿನವನೊಬ್ಬ, ಅವನೂ ಬಿದ್ದುಕೊಂಡೇ, ಈಟಿಯ ಹಿಡಿ ಒತ್ತಿ ಹಿಡಿದಿದ್ದ. ಬಾಳವ್ವ ಮುಖ ಮಣ್ಣಿಗಿಟ್ಟು ಅಳುತ್ತಿದ್ದಳು.

ಅವರು ಗುಡ್ಡ ದಾಟಿ ಮುಟ್ಟಿದಾಗ ಸಂಜೆಯಾಗಿತ್ತು. ಬಾಳವ್ವ ಹೆಣಗಾಡಿ ನೀಲವ್ವನನ್ನು ಉಳಿಸಿಕೊಂಡಳು. ಕೂಸು ಉಳಿಯಲಿಲ್ಲ. ಇಲ್ಲೊಂದು ನಗೆಮಾತು ಸೇರಿಸೋಣವೆಂದು ನಾನು ಹುಡುಕಿದೆ. ಸಿಗಲಿಲ್ಲ.

ಬಾಳವ್ವ ಹೊರಗೆ ಬಂದು ತಲೆಯಲ್ಲಾಡಿಸಿದಾಗ ಭರಮಪ್ಪ ತನ್ನ ಬಾಗಿಲ ಮುಂದೆ ಕುಸಿದುಬಿದ್ದ.

ಹಳ್ಳಿಹಳ್ಳಿಯಲ್ಲಿ ಸಹಪತನದ ಗುಣಮಟ್ಟ ಪರೀಕ್ಷಿಸುತ್ತ ಬಂದಿದ್ದ ಅಧಿಕಾರಿಯೊಬ್ಬ ಅದೇ ಹೊತ್ತಿಗೆ ಆ ದಾರಿಯಲ್ಲಿ ಹೋಗುತ್ತಿದ್ದ. ಬೆರಗಾಗಿ ನಿಂತ. ಮೊಣಕಾಲು ಮಡಿಸಿದ ಬಗೆ, ಕೈ ಚೆಲ್ಲಿದ ಬಗೆ, ಹಣೆ ನೆಲಕ್ಕೆ ತಾಗಿದ ಬಗೆ, ಎಲ್ಲೂ ಒಂದು ಲೋಪವಿಲ್ಲ. ಇಂಥದನ್ನು ಅವನು ಆಸ್ಥಾನದಲ್ಲೂ ಕಂಡಿರಲಿಲ್ಲ.

"ಭಲೇ! ಯಾವ ಬ್ಯಾಚಿನಲ್ಲಿ ಕಲಿತೆ?" ಎಂದು ಕೇಳಿದ.

ಭರಮಪ್ಪ ಏಳಲಿಲ್ಲ. ಅದನ್ನೂ ವಿನಯವೆಂದೇ ತಿಳಿದ ಅಧಿಕಾರಿ, ಪ್ರಥಮ ದರ್ಜೆಯೆಂದು ಘೋಷಿಸಿ, ಬಗ್ಗಿ ಅವನ ಕೊರಳಿಗೆ ಪದಕ ಹಾಕಿ ಮುಂದಿನ ಊರಿಗೆ ಹೋದ.